ದಾರಿ ಬಗ್ಗಿಸಿದ ದೊಡ್ಡಪ್ಪ

"ಆಗೋದಿಲ್ಲ" ಎಂದು ಮೊದಲು ಹೇಳಿದವರು ಓವರ್ಸಿಯರ್ ಸಾಹೇಬರು. "ಮರ ಬಗ್ಗಿದ್ದು ನೋಡಿದ್ದೀನಿ, ಬೇಲಿ ಬಗ್ಗಿದ್ದು ನೋಡಿದ್ದೀನಿ. ಸರ್ಕಾರದ ರಸ್ತೆ ಬಗ್ಗಿದ್ದು ಮಾತ್ರ ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ" ಅಂದರು. ಎರಡನೆಯವರು ನಮ್ಮೂರ ಶಾನುಭೋಗರು. ಅವರು ಬಾಯಲ್ಲಿ ಹೇಳಲಿಲ್ಲ, ನಕ್ಕರು. ಮೂರನೆಯವರು, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು, ನಮ್ಮ ದೊಡ್ಡಮ್ಮ. "ಮದ್ವೆ ಆದಾಗಿಂದ ಹೇಳ್ತಾ ಇದೀನಿ, ಬಚ್ಚಲ ನೀರಿನ ಕಾಲುವೇನ ಒಂದು ಮೊಳ ಆಚೆಗೆ ತಿರುಗ್ಸಿ ಅಂತ. ಅದು ಇವರ ಕೈಲಿ ಆಗ್ಲಿಲ್ಲ. ಈಗ ರಸ್ತೆ ತಿರುಗಿಸ್ತಾರಂತೆ, ರಸ್ತೆ!"

ತಿರುಗಿಸಲು ಹೊರಟವರು ನಮ್ಮ ದೊಡ್ಡಪ್ಪ. ಲೋಕದಲ್ಲಿ ಎಲ್ಲರೂ ಸರ್ಕಾರ ತಮಗೊಂದು ಕೆಲಸ ಕೊಡಲಿ ಎಂದು ಕಾಯುತ್ತಾರೆ. ಸರ್ಕಾರಕ್ಕೇ ಕೆಲಸ ಕೊಡುತ್ತಿದ್ದ ಮನುಷ್ಯ ಎಂದರೆ ನಾನು ಕಂಡಂತೆ ಇವರೊಬ್ಬರೇ!

ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ಇಬ್ಬರೇ ಮಂತ್ರಿಗಳು. ಒಬ್ಬರು ಸಿಗದಿದ್ದರೆ ಇನ್ನೊಬ್ಬರು ಸಿಗುತ್ತಿದ್ದರು. ಅಷ್ಟು ಚಿಕ್ಕ ರಾಜ್ಯದಲ್ಲಿ ನಮ್ಮದು ಇನ್ನೂ ಚಿಕ್ಕ ಊರು, ಶನಿವಾರಸಂತೆಯಿಂದ ಮೂರು ಮೈಲಿ ನಡೆಯಬೇಕು. ಊರಂಚಿಗೆ ಒಂದು ದೇವರಕಾಡು. ಅಲ್ಲಿ ಕೊಡಲಿ ಹಾಕುವಂತಿಲ್ಲ, ದನ ಮೇಯಿಸುವಂತಿಲ್ಲ, ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಕಾಡಿನ ನಡುವೆ ಒಂದು ಒರತೆ. ಕೆಳಗಿನ ಗದ್ದೆಗಳಿಗೆಲ್ಲ ಅದರದೇ ನೀರು. ಒರತೆಯ ಪಕ್ಕದಲ್ಲಿ ಆಳೆತ್ತರದ ವೀರಗಲ್ಲು. ಅದರ ಮೇಲೆ ಹುಲಿಯ ಬಾಯಿಗೆ ಕತ್ತಿ ತುರುಕುತ್ತಿರುವ ಒಬ್ಬ ಗಂಡಸು, ಹುಲಿಗಿಂತ ಅವನ ಮೀಸೆಯೇ ದೊಡ್ಡದು.

ಈ ಕಾಡಿನಲ್ಲಿ ಯಾರಾದರೂ ಒಂದು ಕೊಂಬೆ ಮುರಿದರೆ ದೊಡ್ಡಪ್ಪ ಪಾರುಪತ್ಯಗಾರರ ಕಚೇರಿಗೆ ಹೋಗಿ ದೂರು ಕೊಡುತ್ತಿದ್ದರು. ಪಾರುಪತ್ಯಗಾರರೆಂದರೆ ಆಗಿನ ಕೊಡಗಿನಲ್ಲಿ ಕಂದಾಯದಿಂದ ಹಿಡಿದು ಬೇಲಿ ಜಗಳದವರೆಗೆ ಎಲ್ಲವನ್ನೂ ನೋಡುವ ಅಧಿಕಾರಿ. ಪ್ರತಿ ಶನಿವಾರ ಸಂತೆ, ಪ್ರತಿ ಶನಿವಾರ ದೂರು. ಪಾಪ, ಅವರೂ ಎಷ್ಟೆಂದು ತಡೆದಾರು? ಒಂದು ದಿನ ಅವರು ಕಾಗದ ತೆಗೆದು, ದೊಡ್ಡಪ್ಪನನ್ನು ದೇವರಕಾಡಿನ ಮೇಲ್ವಿಚಾರಕರನ್ನಾಗಿ ನೇಮಿಸಿರುವುದಾಗಿ ಬರೆದು, ಮೊಹರು ಒತ್ತಿ, ಜೊತೆಗೆ ಅಚ್ಚಾದ ನಿಯಮಗಳ ಒಂದು ಹಾಳೆ ಕೊಟ್ಟು, "ಇನ್ನು ಮೇಲೆ ನೀವೇ ನೋಡಿಕೊಳ್ಳಿ ಗೌಡ್ರೇ" ಅಂದರು. ಸಂಬಳ ಇಲ್ಲ. ಪೀಡೆ ತೊಲಗಿತು ಎಂದುಕೊಂಡಿರಬೇಕು. ತೊಲಗುತ್ತದೆಯೇ? ಅಲ್ಲಿಯವರೆಗೆ ದೊಡ್ಡಪ್ಪ ದೂರು ಕೊಡುತ್ತಿದ್ದರು, ಈಗ ವರದಿ ಕೊಡತೊಡಗಿದರು!

ದೊಡ್ಡಪ್ಪನಿಗೆ ಓದಲು ಬರುತ್ತಿರಲಿಲ್ಲ. ಸಹಿ ಮಾಡಲು ಬರುತ್ತಿದ್ದ ನಮ್ಮಪ್ಪನೇ ಮನೆತನದ ದೊಡ್ಡ ವಿದ್ವಾಂಸರು. ಹಾಗಾಗಿ ದೊಡ್ಡಪ್ಪ ಆ ಹಾಳೆಯನ್ನು ಕಂಡ ಕಂಡವರಿಂದ ಓದಿಸುತ್ತಿದ್ದರು. ಶಾಲೆಯ ಮೇಷ್ಟ್ರು ಓದಿದರು, ಬಳೆ ಮಾರುವವರು ಓದಿದರು. ಒಮ್ಮೆ ಬಸ್ಸಿನ ಕಂಡಕ್ಟರ್ ಓದಲು ನಿಂತು, ಇಡೀ ಬಸ್ಸೇ ಆಲಿಸಿತು. ಹೀಗೆ ಕೇಳಿ ಕೇಳಿ ಅದಷ್ಟೂ ಬಾಯಿಪಾಠವಾಯಿತು. "ತಕ್ಕದ್ದು" ಎಂದು ಮುಗಿಯುವ ಮಾತು ಬಂದರೆ ತೋರುಬೆರಳು ಮೇಲೇಳುತ್ತಿತ್ತು.

ನಿಯಮಕ್ಕೆ ಮೊದಲು ಸಿಕ್ಕಿಬಿದ್ದದ್ದು ನಮ್ಮದೇ ಹಸು ಕೆಂಪಿ. ಹಗ್ಗ ಕಿತ್ತುಕೊಂಡು ಹೋಗಿ ದೇವರಕಾಡಿನಲ್ಲಿ ನಾಲ್ಕು ಬಾಯಿ ಹುಲ್ಲು ಮೇಯ್ದಿತ್ತು. ದೊಡ್ಡಪ್ಪ ತಾವೇ ಹಿಡಿದುಕೊಂಡು ಹೋಗಿ ಸರ್ಕಾರಿ ದೊಡ್ಡಿಗೆ ಹಾಕಿ ಬಂದರು.

"ಸಂಜೆ ಕಾಪಿಗೆ ಹಾಲೆಲ್ಲಿ?" ಎಂದರು ದೊಡ್ಡಮ್ಮ.

"ಬುಡಿಸ್ಕೊಡಿ ಅಂತ ಅರ್ಜಿ ಹಾಕು."

"ಯಾರಿಗೆ?"

"ಮೇಲ್ವಿಚಾರಕರಿಗೆ."

"ಅದ್ಯಾರು?"

"ನಾನೇ."

"ಹಂಗಾದ್ರೆ ಬುಡ್ಸಿ!"

"ಹಿಂಗೆ ಒಲೆ ಮುಂದೆ ಕೂತ್ಕೊಂಡು ಕೇಳದಲ್ಲ. ಅರ್ಜಿದಾರರು ಅಂಗಳದಲ್ಲಿ ನಿಂತು ಕೇಳ್ಬೇಕು."

ದೊಡ್ಡಮ್ಮ ಅಂಗಳಕ್ಕೆ ಹೋಗಲಿಲ್ಲ. ಕೆಂಪಿ ದೊಡ್ಡಿಯಿಂದ ಬರಲಿಲ್ಲ. ಮೂರು ದಿನ ಮನೆಯವರೆಲ್ಲ ಕರಿ ಕಾಪಿ ಕುಡಿದೆವು. ನಾಲ್ಕನೆಯ ದಿನ ಮೇಲ್ವಿಚಾರಕರೇ ಅಂಗಳಕ್ಕಿಳಿದು ನಿಂತು, ಜಗಲಿಯ ಕಡೆ ತಿರುಗಿ, "ಸ್ವಾಮಿ, ನಮ್ ಹಸ ಬುಡ್ಸಿ" ಎಂದು ತಮಗೆ ತಾವೇ ಅರ್ಜಿ ಹಾಕಿಕೊಂಡರು. ಮಂಜೂರಾಯಿತು!

ನಮ್ಮಕ್ಕನ ಮದುವೆಯಲ್ಲಿ ಆದದ್ದು ಇನ್ನೂ ಚೆಂದ. ದಿಬ್ಬಣ ಬಂದಿದೆ, ವಾಲಗ ಊದುತ್ತಿದೆ. ದೊಡ್ಡಪ್ಪ ಬೀಗರನ್ನು ಮಾತಾಡಿಸುವುದು ಬಿಟ್ಟು ಚಪ್ಪರದ ಕಂಬಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ಮೂಸಿ ನೋಡುತ್ತಿದ್ದಾರೆ. ಏಳನೆಯ ಕಂಬದ ಹತ್ತಿರ ನಿಂತರು. "ಇದು ದೇವರಕಾಡಿನ ನೇರಳೆ. ಬಿಚ್ಚಿ."

ಕಂಬ ಕಡಿದು ತಂದಿದ್ದ ಪಕ್ಕದ ಮನೆ ಸಣ್ಣಯ್ಯ ಹೌಹಾರಿದ. "ಅಣ್ಣಾ, ಮುಹೂರ್ತ ಮೀರ್ತದೆ. ಇದನ್ನ ಬಿಚ್ಚಿದ್ರೆ ಚಪ್ಪರ ಮದುಮಗನ ತಲೆ ಮೇಲೆ ಬೀಳ್ತದೆ!"

"ಬಿದ್ರೆ ಎತ್ತಿ ಕಟ್ಟಬಹುದು. ಕಡಿದ ಮರ ಎತ್ತಿ ಕಟ್ತೀಯೇನ್ಲಾ?"

ಬಿಚ್ಚಿಸಿಯೇ ಬಿಟ್ಟರು. ಆ ಜಾಗದಲ್ಲಿ, ಎತ್ತರದ ಆಳು ಎಂಬ ಒಂದೇ ತಪ್ಪಿಗೆ, ಗಂಡಿನ ಚಿಕ್ಕಪ್ಪನನ್ನು ಕೈ ಮೇಲೆತ್ತಿ ನಿಲ್ಲಿಸಿದರು. ಧಾರೆ ಮುಗಿಯುವವರೆಗೂ ಅವರು ನಿಂತೇ ಇದ್ದರು. ಅವರ ಮನೆಯ ಮಕ್ಕಳು ಇವತ್ತಿಗೂ ಅವರನ್ನು ಕಂಬದ ತಾತ ಎಂದೇ ಕರೆಯುವುದು.

ನಗಬೇಡಿ. ನಾನು ಓದಿದ್ದೂ ಇಂಥ ಹಟದಿಂದಲೇ. ಹೈಸ್ಕೂಲು ಮುಗಿಸಿ ಮಡಿಕೇರಿಯ ಕಾಲೇಜಿಗೆ ಹೋಗುತ್ತೇನೆ ಎಂದಾಗ ಊರ ಹಿರಿಯರು ನಾಲ್ಕು ಜನ ಬಂದು ಜಗಲಿಯಲ್ಲಿ ಕೂತು, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದುಂಟೇ ಎಂದರು. ದೊಡ್ಡಪ್ಪ ಕೈ ಚಾಚಿ, "ಕಳಿಸಬಾರದು ಅಂತ ಯಾವ ಹಾಳೇಲಿ ಬರ್ದದೆ, ತೋರ್ಸಿ" ಅಂದರು. ಯಾರ ಬಳಿಯೂ ಹಾಳೆ ಇರಲಿಲ್ಲ. ಹೋದೆ. ಸುಲಭವಾಗಿರಲಿಲ್ಲ. ಎರಡು ಸೀರೆಯಲ್ಲಿ ವರ್ಷ ಕಳೆದೆ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಹಾಸ್ಟೆಲಿನ ಬಾವಿಕಟ್ಟೆಯಲ್ಲಿ ಕೂತು ಅತ್ತು, ಮತ್ತೆ ಕಟ್ಟಿ ಪಾಸಾದೆ. ಆಮೇಲೆ ಮೈಸೂರಿಗೆ ಹೋಗಿ ಬಿ.ಎ. ಮುಗಿಸಿ ಊರಿಗೆ ಬಂದೆ. ಬಂದು ನೋಡಿದರೆ ದೇವರಕಾಡಿನ ತುಂಬ ಗೂಟಗಳು!

ಊರಿಗೆ ರಸ್ತೆ ಬರುವುದಿತ್ತು. ಬೇಡ ಎನ್ನುವವರು ಯಾರು? ಹೆರಿಗೆಯ ಹೆಂಗಸರನ್ನು ಕುರ್ಚಿಗೆ ಕಟ್ಟಿ ಹೊತ್ತುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದ ಊರು ನಮ್ಮದು. ದೊಡ್ಡಪ್ಪನಿಗೂ ರಸ್ತೆ ಬೇಕಿತ್ತು. ಆದರೆ ಓವರ್ಸಿಯರ್ ಸಾಹೇಬರು ಎಳೆದ ಗೆರೆ ಕಾಡಿನ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತಿತ್ತು. ಒರತೆಯ ಮೇಲೆ ಮೋರಿ ಬರುತ್ತದೆ. ಆ ಮೋರಿಗೆ ಹಾಸಲು ಅಳತೆಗೆ ಸರಿಯಾದ ಚಪ್ಪಡಿ ಅಲ್ಲೇ ಇದೆಯಲ್ಲ, ಹುಲಿ ಕೊಂದವನ ಕಲ್ಲು! ಹುಲಿಗೆ ಹೆದರದ ಮನುಷ್ಯ ಇನ್ನು ಲಾರಿಯ ಕೆಳಗೆ ಅಂಗಾತ ಮಲಗಬೇಕು.

ಆಳುಗಳು ಗೂಟ ನೆಟ್ಟು ಹೋದ ಮೇಲೆ ಓವರ್ಸಿಯರ್ ಸಾಹೇಬರು ತಾವೇ ಅಳತೆಗೆ ಬಂದ ದಿನ ದೊಡ್ಡಪ್ಪ ಕಾಡಿನ ಬಾಯಲ್ಲೇ ತಡೆದರು. "ಬೂಟ್ಸು ಬಿಚ್ಚಿ ಸ್ವಾಮಿ."

"ಮಳೆಗಾಲ ಕಣ್ರೀ! ಜಿಗಣೆ!"

"ಜಿಗಣೇನೂ ಬರಿಗಾಲಲ್ಲೇ ಅದಾವೆ."

ಬಿಚ್ಚಿದರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ಕಾಲಿಗೆ ಜಿಗಣೆ ಹತ್ತಿದ್ದವು. ಸಾಹೇಬರು ಕುಣಿಯುತ್ತಾ "ಸುಣ್ಣ ತನ್ನಿ, ಹೊಗೆಸೊಪ್ಪು ತನ್ನಿ" ಎಂದರೆ ದೊಡ್ಡಪ್ಪ ಬೆರಳೆತ್ತಿದರು. "ದೇವರಕಾಡಿನೊಳಗೆ ಯಾವ ಜೀವಕ್ಕೂ ಹಾನಿ ಮಾಡದೆ ಇರತಕ್ಕದ್ದು. ಹೊಟ್ಟೆ ತುಂಬಿದ್ರೆ ತಾವಾಗೇ ಬೀಳ್ತವೆ, ವಸಿ ತಡ್ಕೊಳಿ."

ಸಾಹೇಬರಿಗೆ ಸಿಟ್ಟು ಬಾರದೆ ಇರುತ್ತದೆಯೇ? ಆಚೆ ಬಂದವರೇ ಅವರೂ ನಿಯಮವನ್ನೇ ಹಿಡಿದರು. "ಅಷ್ಟು ಕಾನೂನು ಮಾತಾಡ್ತೀರಲ್ಲ ಗೌಡ್ರೇ, ಆ ಹಾಳೆಯಲ್ಲಿ ಇನ್ನೊಂದು ಮಾತೂ ಇದೆ. ದೇವರಕಾಡಿನೊಳಗೆ ಕಾಮಗಾರಿಗೆ ತಕರಾರು ಇದ್ದರೆ, ಗೆರೆಯ ಮೇಲೆ ಬರೋ ಮರಗಳನ್ನೆಲ್ಲ ಎಣಿಸಿ, ಹಳೇ ಕಲ್ಲುಗಳ ವಿವರ ಬರೆದು, ಓದಿದವರೊಬ್ಬರ ಸಹಿ ಹಾಕಿಸಿ ಹದಿನೈದು ದಿನದೊಳಗೆ ಪಟ್ಟಿ ಕೊಡಬೇಕು. ಕೊಡಿ. ಇಲ್ಲದಿದ್ದರೆ ಹದಿನಾರನೇ ದಿನ ಕೊಡಲಿ ಬೀಳುತ್ತೆ."

ದೊಡ್ಡಪ್ಪನ ಬೆರಳು ಕೆಳಗಿಳಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಯಾಕೆ ಅಂತೀರಾ? ದೇವರಕಾಡಿನ ಮರ ಎಣಿಸಬಾರದು! ದೇವರ ಸೊತ್ತನ್ನು ಮನುಷ್ಯರು ಎಣಿಸಿದರೆ, ಎಣಿಸಿದವರ ಮನೆಯಲ್ಲಿ ತಲೆ ಕಡಿಮೆಯಾಗುತ್ತಾ ಬರುತ್ತದೆ ಎಂಬುದು ನಮ್ಮೂರಿನ ನಂಬಿಕೆ. ಅಜ್ಜನ ಕಾಲದಿಂದ ಯಾರೂ ಎಣಿಸಿಲ್ಲ. ಸರ್ಕಾರ ಎಣಿಸತಕ್ಕದ್ದು ಎನ್ನುತ್ತದೆ, ದೇವರು ಎಣಿಸಕೂಡದು ಎನ್ನುತ್ತಾನೆ. ಇಬ್ಬರಿಗೂ ಮೇಲ್ವಿಚಾರಕ ಒಬ್ಬನೇ!

ಊರವರು ನಮ್ಮ ಜಗಲಿಯಲ್ಲಿ ಸೇರಿದರು. ಶಾನುಭೋಗರು, "ನನಗೆ ಮೂರು ಮಕ್ಕಳು, ನನ್ನನ್ನು ಬಿಟ್ಟುಬಿಡಿ" ಎಂದರು. ಸಣ್ಣಯ್ಯ ಇನ್ನೂ ಬಿರುಸಾಗಿಯೇ, "ಅಣ್ಣಾ, ನಿನ್ ತಕರಾರಿನಿಂದ ರಸ್ತೆ ಬ್ಯಾರೆ ಊರಿಗೆ ಹೋದ್ರೆ, ನಾಳೆ ನನ್ ಸೊಸೆ ಹೆರಿಗೆಗೆ ನೀನು ಹೊರ್ತೀಯಾ?" ಎಂದ. ದೊಡ್ಡಪ್ಪ ತಲೆ ತಗ್ಗಿಸಿದರು. ಅದಕ್ಕೆ ಉತ್ತರ ಯಾರ ಹಾಳೆಯಲ್ಲೂ ಇರಲಿಲ್ಲ.

"ನಾನು ಎಣಿಸ್ತೀನಿ, ನಾನೇ ಸಹಿ ಹಾಕ್ತೀನಿ" ಎಂದೆ. ಇದೆಲ್ಲ ಮೂಢನಂಬಿಕೆ ಅಂದೆ. ಹೊಸ ಬಿ.ಎ. ನೋಡಿ, ಅದನ್ನೇ ಇಂಗ್ಲಿಷಿನಲ್ಲೂ ಒಮ್ಮೆ ಅಂದೆ. ಯಾರಿಗೂ ಅರ್ಥವಾಗಲಿಲ್ಲ, ಹಾಗಾಗಿ ಯಾರೂ ಬೈಯಲಿಲ್ಲ.

ದೊಡ್ಡಪ್ಪ ಮಾತ್ರ ನನ್ನ ಮುಖವನ್ನೇ ನೋಡಿ, "ಬ್ಯಾಡ ಕೂಸೇ" ಅಂದರು. "ಸುಳ್ಳೋ ನಿಜವೋ, ನಿಂಗೇನಾರ ಆಗ್ಬುಟ್ರೆ ಕಾಡು ಇಟ್ಕೊಂಡು ನಾನೇನ್ ಮಾಡ್ಲಿ?"

ದಿನ ಕಳೆಯಿತು. ದೊಡ್ಡಪ್ಪ ಊಟ ಬಿಟ್ಟರು. ಅದಕ್ಕೆ ಯಾರೂ ಹೆದರಲಿಲ್ಲ. ಆದರೆ ಶನಿವಾರ ಬಂದರೂ ಕಚೇರಿಗೆ ಹೋಗಿ ವರದಿ ಕೊಡಲಿಲ್ಲ ನೋಡಿ, ಆಗ ಊರೇ ಗಾಬರಿಯಾಯಿತು! ಪಾರುಪತ್ಯಗಾರರೇ ಸಂತೆಗೆ ಬಂದವರ ಹತ್ತಿರ "ಗೌಡರಿಗೆ ಮೈ ಸರಿಯಿಲ್ಲವೇ?" ಎಂದು ಕೇಳಿ ಕಳಿಸಿದರು.

ಹದಿಮೂರನೆಯ ದಿನ ಬೆಳಗ್ಗೆ ದೊಡ್ಡಪ್ಪ ದನದ ಕೊಟ್ಟಿಗೆಯಿಂದ ಓಡಿ ಬಂದರು, ಕೈಯಲ್ಲಿ ಸಗಣಿ ಹಾಗೇ ಇತ್ತು.

"ಕೂಸೇ! ಮೊನ್ನೆ ಮೊನ್ನೆ ಸರ್ಕಾರದೋರು ಬಂದು ಖಾನೇಷುಮಾರಿ ಮಾಡ್ಲಿಲ್ವಾ? ಮನೆ ಮನೆಗೂ ಹೋಗಿ ನಮ್ಮನ್ನೆಲ್ಲ ಎಣಿಸ್ಕೊಂಡ್ ಹೋಗ್ಲಿಲ್ವಾ?"

"ಜನಗಣತಿ ತಾನೇ? ಹೂಂ."

"ಯಾರಾರ ಸತ್ರಾ?"

"ಇಲ್ಲ."

"ಹಂಗಾದ್ರೆ ಮನುಷ್ಯರನ್ನ ಎಣಿಸಬಹುದು! ಮರಕ್ಕೊಬ್ರು ನಿಂತ್ಕೊಳದು. ನೀನು ಜನ ಎಣ್ಸು. ಮರದ ತಂಟೆಗೇ ಹೋಗಬ್ಯಾಡ!"

ನಾಲ್ಕು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪುಸ್ತಕ ಹೊತ್ತ ನಾನು ಪೆನ್ಸಿಲು ಹುಡುಕಲು ಒಳಗೆ ಓಡಿದೆ.

ಮರುದಿನ ಊರಿಗೆ ಊರೇ ಕಾಡಿನಲ್ಲಿತ್ತು. ರಸ್ತೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಬೈಯುತ್ತಲೇ ಸಣ್ಣಯ್ಯನೂ ಬಂದ. ಒರತೆಯ ನೀರು ಮೊದಲು ಹೋಗುವುದು ಅವನ ಗದ್ದೆಗೇ ಎಂಬುದನ್ನು ಅವನ ಹೆಂಡತಿ ನೆನಪಿಸಿದ್ದಳು. ಹಲಸಿಗೊಬ್ಬರು, ಮತ್ತಿಗೊಬ್ಬರು, ನಂದಿಗೊಬ್ಬರು, ಬೈನೆಗೊಬ್ಬರು. ದೊಡ್ಡ ಮರಕ್ಕೆ ದಪ್ಪ ಜನ, ಸಣ್ಣ ಮರಕ್ಕೆ ತೆಳು ಜನ ಎಂದು ದೊಡ್ಡಪ್ಪ ಆರಿಸಿ ಆರಿಸಿ ನಿಲ್ಲಿಸಿದರು. ಸುತ್ತಳತೆ ಬರೆಯಲು ಸುಲಭವಾಗಲಿ ಎಂದು! ಇದರಿಂದ ಕೆಲವರಿಗೆ ಅವಮಾನವೂ ಆಯಿತು. "ನನ್ನನ್ನ ಆ ಧೂಪದ ಮರಕ್ಕೆ ನಿಲ್ಸದಾ? ನಾನು ಅಷ್ಟು ದಪ್ಪ ಅದೀನಾ?" ಎಂದು ದೊಡ್ಡಮ್ಮ ಮುನಿಸಿಕೊಂಡು ಒಂದು ಬಡಕಲು ನೇರಳೆಯ ಪಕ್ಕ ಹೋಗಿ ನಿಂತರು. ನೇರಳೆ ಕಾಣದೇ ಹೋಯಿತು.

ಜನ ಸಾಲದೆ ದನಗಳನ್ನು ಒಳಗೆ ತರೋಣ ಎಂದರೆ ನಿಯಮ ಅಡ್ಡ ಬಂತು. ಕೊನೆಗೆ, ಎಣಿಕೆ ಸರಿಯೋ ಎಂದು ನೋಡಲು ಬಂದಿದ್ದ ಓವರ್ಸಿಯರ್ ಸಾಹೇಬರೂ ಒಂದು ಹೊನ್ನೆ ಮರದ ಪಕ್ಕ ಬರಿಗಾಲಲ್ಲಿ ನಿಲ್ಲಬೇಕಾಯಿತು. ಅವರ ಜವಾನನೂ ನಿಂತ.

ನಾನು ಎಣಿಸುತ್ತಾ ಬಂದೆ. ಸಾಹೇಬರಿಗೆ ಅನುಮಾನ. ನಿಂತಲ್ಲಿಂದಲೇ ಹತ್ತಿರದ ಮುದುಕಿಯೊಬ್ಬರನ್ನು ಕೇಳಿದರು, "ಅಮ್ಮಾ, ಅದು ಯಾವುದು?"

"ನಾನು ಪುಟ್ಟಮ್ಮ, ಮೇಲಿನಮನೆ ಪುಟ್ಟಮ್ಮ."

"ನೀವಲ್ಲಮ್ಮ, ಮರ!"

"ಮರದ್ದು ನಾನ್ಯಾಕೆ ಹೇಳ್ಲಿ? ಹೇಳಿದ್ರೆ ನೀವು ಎಣಿಸ್ಬುಡ್ತೀರಿ!"

ಆಮೇಲೆ ಕಲ್ಲಿನ ಸರದಿ. "ಇದು ಹಳೇದು ಅನ್ನೋದಕ್ಕೆ ಆಧಾರ ಏನು?" ಎಂದರು ಸಾಹೇಬರು. ಮೇಲ್ಗಡೆ ಎರಡು ಸಾಲು ಅಕ್ಷರಗಳಿದ್ದವು. ಎಲ್ಲರೂ ನನ್ನ ಕಡೆ ತಿರುಗಿದರು. ಎದೆ ಉಬ್ಬಿಸಿಕೊಂಡು ಹೋಗಿ ಪಾಚಿ ಒರೆಸಿ, ಬಗ್ಗಿ ನೋಡಿದೆ, ಕೂತು ನೋಡಿದೆ, ಕತ್ತು ವಾರೆ ಮಾಡಿ ನೋಡಿದೆ. ಒಂದು ಅಕ್ಷರ ದಕ್ಕಿದರೆ ಕೇಳಿ! ಊರೆಲ್ಲ ಮರಕ್ಕೆ ಒರಗಿಕೊಂಡು ತಮ್ಮ ಮೊದಲ ಪದವೀಧರೆಯ ಬೆವರು ನೋಡುತ್ತಿತ್ತು. ಕೊನೆಗೆ "ಓದಲಿಕ್ಕೆ ಆಗ್ತಾ ಇಲ್ಲ" ಎಂದೆ.

ಆ ಬಡಕಲು ನೇರಳೆಯ ಕಡೆಯಿಂದ ದೊಡ್ಡಮ್ಮನ ಧ್ವನಿ ಬಂತು. "ಮೈಸೂರಿಗೆ ಹೋಗಿ ಓದಿ ಬಂದೋಳ ಕೈಲೇ ಓದಕ್ಕಾಗ್ಲಿಲ್ಲ ಅಂದ್ರೆ, ಸ್ವಾಮಿ, ಅದು ಇನ್ನೆಷ್ಟು ಹಳೇದಿರ್ಬೇಕು!"

ಸಾಹೇಬರು ಮೊದಲ ಸಲ ನಕ್ಕರು. "ಬರೀರಿ. ಬಿ.ಎ. ಪದವೀಧರರಿಂದಲೂ ಓದಲಾಗದಷ್ಟು ಪುರಾತನವಾದ ಕಲ್ಲು ಅಂತ ಬರೀರಿ." ಬರೆದೆ. ನನ್ನ ಅಜ್ಞಾನ ಸರ್ಕಾರದ ದಾಖಲೆಗೆ ಸೇರಿದ್ದು ಹೀಗೆ.

ಮನುಷ್ಯ ಕೆಟ್ಟವರಲ್ಲ. ವಾಪಸು ಹೋಗುವಾಗ ಜಿಗಣೆಗೆ ಹೆದರಿ ಕಾಡಿನ ಹೊರ ಅಂಚು ಹಿಡಿದು ಸುತ್ತಿ ಹೋದರಲ್ಲ, ಆಗ ಅವರಿಗೆ ಕಂಡಿತು: ಆ ಅಂಚಿನಲ್ಲಿ ನೆಲ ಗಟ್ಟಿ, ಒರತೆ ಅಡ್ಡ ಬರುವುದಿಲ್ಲ, ಮೋರಿಯೇ ಬೇಡ! ಅಲ್ಲೇ ನಿಂತು ಸರಪಳಿ ಹಿಡಿದು ಅಳೆದರು. ನನ್ನ ಪಟ್ಟಿಯ ಕೆಳಗೆ ತಮ್ಮ ಕೈಯಿಂದಲೇ, ಬದಲಿ ದಾರಿ ಇದೆ ಎಂದು ಬರೆದರು. ಪಟ್ಟಿ ಹದಿನೈದನೆಯ ದಿನ ಕಚೇರಿ ಸೇರಿತು, ಅಲ್ಲಿಂದ ಮಡಿಕೇರಿಗೆ ಹೋಯಿತು.

ಉತ್ತರ ಬರುವವರೆಗೆ ದೊಡ್ಡಪ್ಪ ಪಟ್ಟ ಪಾಡು ನನ್ನ ಪರೀಕ್ಷೆಯ ಫಲಿತಾಂಶಕ್ಕೆ ನಾನೂ ಪಟ್ಟಿರಲಿಲ್ಲ. ಸಣ್ಣಯ್ಯ ಎದುರಾದರೆ ದಾರಿ ಬಿಟ್ಟು ಗದ್ದೆಗೆ ಇಳಿದುಬಿಡುತ್ತಿದ್ದರು. "ರಸ್ತೇನೂ ಇಲ್ಲ, ಕಾಡೂ ಇಲ್ಲ ಅಂತ ಆದ್ರೆ ನಾನು ಯಾವ ಮುಖ ಇಟ್ಕೊಂಡು ಈ ಊರಲ್ಲಿ ತಿರುಗ್ಲಿ ಕೂಸೇ?" ಎಂದು ಒಮ್ಮೆ ಕೇಳಿದರು.

ತಿಂಗಳು ಕಳೆದ ಮೇಲೆ ಒಂದು ಶನಿವಾರ ಪಾರುಪತ್ಯಗಾರರು ಹೇಳಿ ಕಳಿಸಿದರು. ದೊಡ್ಡಪ್ಪ ತೊಳೆದ ಪಂಚೆ ಉಟ್ಟು, ನನ್ನನ್ನೂ ಕರೆದುಕೊಂಡು ಹೊರಟರು. ಸಂತೆಗೆ ಬಂದಿದ್ದ ನಮ್ಮೂರವರು ಅರ್ಧಕ್ಕರ್ಧ ಜನ ಕಚೇರಿಯ ಜಗಲಿಯಲ್ಲಿದ್ದರು, ಸಣ್ಣಯ್ಯನೂ ಇದ್ದ. ಪಾರುಪತ್ಯಗಾರರು ಮೊಹರು ಒತ್ತಿದ ಆದೇಶವನ್ನು ಬಿಡಿಸಿ ಗಟ್ಟಿಯಾಗಿ ಓದಿದರು. ರಸ್ತೆ ಮಂಜೂರಾಗಿದೆ. ಆದರೆ ಅದು ದೇವರಕಾಡನ್ನು ಬಳಸಿಕೊಂಡು ಹೋಗತಕ್ಕದ್ದು. ಕಾಡಿನೊಳಗಿನ ಒಂದು ಮರವನ್ನೂ ಕಡಿಯಕೂಡದು. ವೀರಗಲ್ಲನ್ನು ಇದ್ದ ಸ್ಥಳದಿಂದ ಅಲುಗಿಸಕೂಡದು. ಕೊನೆಯಲ್ಲಿ, ಪಟ್ಟಿ ತಯಾರಿಸಿದವರು ಎಂದು ನನ್ನ ಹೆಸರು, ಅದರ ಮುಂದೆ ಬಿ.ಎ.

ಸಣ್ಣಯ್ಯ ಗಟ್ಟಿಯಾಗಿ ಕೆಮ್ಮಿ, ಟವೆಲ್ಲಿನಿಂದ ಮುಖ ಒರೆಸಿಕೊಂಡ. ದೊಡ್ಡಪ್ಪ, "ಕೊನೇದೊಂದು ಸಾಲು ಇನ್ನೊಂದು ಸಲ ಓದಿ ಸ್ವಾಮಿ" ಅಂದರು. ಓದಿದರು. "ಇನ್ನೊಂದು ಸಲ" ಅಂದರು. ಅದನ್ನೂ ಓದಿ ಪಾರುಪತ್ಯಗಾರರು ಕಾಗದವನ್ನು ದೊಡ್ಡಪ್ಪನ ಕಡೆ ಚಾಚಿದರು. ದೊಡ್ಡಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೂಸಿನ ಕೈಗೆ ಕೊಡಿ ಸ್ವಾಮಿ."

"ಮೇಲ್ವಿಚಾರಕರ ಕೈಗೇ ಕೊಡತಕ್ಕದ್ದು ಅಂತ ನಿಯಮ ಇದೆ ಗೌಡ್ರೇ. ನಿಮಗೆ ನಾನು ಹೇಳಬೇಕೇ?"

"ಗೊತ್ತದೆ" ಎಂದರು ದೊಡ್ಡಪ್ಪ. "ಇದೊಂದು ಸಲ ನಿಯಮ ಮುರೀರಿ."

ಗುಮಾಸ್ತರ ಲೇಖನಿ ನಿಂತುಹೋಯಿತು. ಪಾರುಪತ್ಯಗಾರರು ದೊಡ್ಡಪ್ಪನನ್ನೇ ನೋಡಿದರು, ನನ್ನನ್ನು ನೋಡಿದರು, ಕುರ್ಚಿಯಿಂದ ಎದ್ದು ಮೇಜು ಸುತ್ತಿ ಬಂದು ಕಾಗದವನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟರು.

ಕಣ್ಣು ಮಂಜಾಗಿ, ಏನು ಮಾಡಬೇಕೆಂದು ತಿಳಿಯದೆ ನಾನು ಅದನ್ನು ಮಡಚಲು ಹೋದೆ. ದೊಡ್ಡಪ್ಪ ನನ್ನ ಮೊಣಕೈ ಹಿಡಿದು ತಡೆದರು.

"ಮಡಚಬ್ಯಾಡ ಕೂಸೇ. ಹಂಗೇ ಬಿಚ್ಚಿ ಹಿಡ್ಕೊ. ಸಂತೆ ಒಳಗಿಂದ್ಲೇ ಹೋಗನ, ನಾಕು ಜನ ನೋಡ್ಲಿ."